ಬೀಗತಿಗೆ ಒಂದು ತಂಬಿಗೆ ನೀರು

ನಮ್ಮವ್ವ ಉದಗೀರಿನ ನಮ್ಮ ಮನೆಗೆ ಬಂದಾಗಲೆಲ್ಲ ಅವಳ ಜೀವ ತನ್ನೂರು ಕಾಸಾರಶಿರಸಿಯ ಬಸ್ಸಿನಲ್ಲೇ ಇರುತ್ತಿತ್ತು. ನಮ್ಮತ್ತೆ ತಂಬಿಗೆ ತುಂಬಿಕೊಂಡು ಹೊರಬರುವಷ್ಟರಲ್ಲಿ ಕೈಚೀಲ ಹೆಗಲಿಗೇರಿಸಿ ಎದ್ದಿರುತ್ತಿದ್ದಳು. "ಬಸ್ ತಪ್ಪತದ ಬೀಗತಿ, ಮುಂದಿನ ಸಲ ಕುಂದುರ್ತೀನಿ." ಆ ಮುಂದಿನ ಸಲ ಬರಲೇ ಇಲ್ಲ. ಹೋದ ವರ್ಷ ಅವ್ವ ತೀರಿಕೊಂಡಳು. ತವರಿನ ಪಡಸಾಲೆಯಲ್ಲಿದ್ದ ಅವಳ ಎರಡು ಬಿಗೋನಿಯಾ ಕುಂಡಗಳನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಬಸ್ಸಿನಲ್ಲಿ ಬಂದೆ. ಬೇರೇನೂ ನನಗೆ ಬೇಕಿರಲಿಲ್ಲ.

ಮಳೆಗಾಲ ಹಿಡಿದಂತೆ ಕುಂಡಗಳಿಂದ ಚಿಲಟ ಏಳತೊಡಗಿದವು. ಸಾಸಿವೆಗಿಂತ ಸಣ್ಣ ಕರಿ ನೊಣ. ಕಚ್ಚುವುದಿಲ್ಲ, ಆದರೆ ಮುಖದ ಮುಂದೆಯೇ ಕುಣಿಯುತ್ತವೆ. ಒಂದು ದಿನ ನಮ್ಮವರ ಚಹಾದಲ್ಲಿ ಬಿದ್ದವು.

"ಆ ಕುಂಡಾ ಹೊರಗ ಒಗದು ಬಾ. ನಾ ಚಾ ಕುಡೀಲೋ, ಹುಳಾ ಕುಡೀಲೋ?"

"ಕುಂಡದ ಜೋಡಿ ನಾನೂ ಹೋಗ್ತೀನಿ. ಆಮ್ಯಾಲ ನೀವೇ ಚಾ ಮಾಡ್ಕೊಂಡು ಕುಡೀರಿ" ಎಂದೆ. ಅಂದಿನಿಂದ ಅವರು ಕಪ್ಪಿನ ಮೇಲೆ ಬಸಿ ಮುಚ್ಚಿಕೊಂಡು ಚಹಾ ಕುಡಿಯಲು ಕಲಿತರು.

ಯಾರದೋ ಮದುವೆ ಪತ್ರಿಕೆಯ ಅರಿಶಿನ ಬಣ್ಣದ ರಟ್ಟಿಗೆ ಕುಸುಬಿ ಎಣ್ಣೆ ಸವರಿ ಕಡ್ಡಿಗೆ ಸಿಕ್ಕಿಸಿ ಕುಂಡದಲ್ಲಿ ನಿಲ್ಲಿಸಿದೆ. ಸಂಜೆಗೆ ಚಿಲಟ ಅಂಟಿ ರಟ್ಟು ಕರ್ರಗಾಯಿತು. ಮರುದಿನ ಮತ್ತಷ್ಟು ಎದ್ದವು. ಅದಕ್ಕಿಂತ ಕೆಟ್ಟದ್ದೆಂದರೆ, ಒಂದು ಗಿಡದ ಕಾಂಡ ಬುಡದಲ್ಲಿ ಮೆತ್ತಗಾಗಿ ವಾಲಿತು. ಅವ್ವನ ಕೈ ಮುಟ್ಟಿದ ಜೀವಂತ ವಸ್ತು ಅಂತ ಉಳಿದದ್ದು ಇವೆರಡೇ.

ನರ್ಸರಿಯವನು ಫೋಟೋ ನೋಡಿ ಮರಾಠಿಯಲ್ಲಿ, "ಪಾಣಿ ಕಮೀ ಕರಾ, ತಾಈ" ಎಂದ. ಮೇಲಿನ ಮಣ್ಣು ಒಣಗಿದರೆ ಅದರೊಳಗಿನ ಮರಿಹುಳ ಸಾಯುತ್ತವಂತೆ. ನೀರು ಕಡಿಮೆ ಮಾಡುವುದು ಹೇಗೆ? ನಾನು ಹಾಕುತ್ತಿದ್ದದ್ದೇ ಅಪರೂಪಕ್ಕೆ. ಅವನ ಜೊತೆ ವಾದ ಮಾಡಿ, ಗೆದ್ದು, ಉರಿಯುತ್ತಲೇ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಬೇಗ ಎಚ್ಚರವಾಯಿತು. ಬಾಲ್ಕನಿಯಲ್ಲಿ ಅತ್ತೆ. ಸ್ನಾನ ಮುಗಿಸಿ, ಒದ್ದೆ ಕೂದಲು ಗಂಟು ಹಾಕಿ, ತಂಬಿಗೆಯಿಂದ ಕುಂಡಗಳಿಗೆ ನಿಧಾನವಾಗಿ ನೀರು ಹೊಯ್ಯುತ್ತಿದ್ದರು.

"ಕುಡಿ ಬೀಗತಿ, ಕುಡಿ. ಈಗ ಯಾವ ಬಸ್ ಹಿಡಿಯೋದದ ನಿಂಗ?"

ಜಗಳಕ್ಕೆಂದು ಬಾಯಿ ತೆರೆದವಳು ಅತ್ತುಬಿಟ್ಟೆ. ಅತ್ತೆ ತಿರುಗಿ ನೋಡಿ ಗಾಬರಿಯಾದರು.

"ಯಾಕ ಯವ್ವಾ? ಮನಿಗಿ ಬಂದಾಕಿಗಿ ನೀರ ಕೊಡಬಾರದೇನ? ಅಷ್ಟ ಸಲ ಬಂದಳು, ಒಂದ ಸಲನೂ ಕುಂತು ಕುಡೀಲಿಲ್ಲ. ಈಗರೆ ಬಂದು ಕುಂತಾಳ ಅಂತ ದಿನಾ ಹಾಕ್ತೀನಿ."

ಹೇಗೆ ಹೇಳುವುದು? ಅತ್ತೆಯ ತವರು ದೇವಣಿ ಕಡೆ, ಕುರಿ ಸಾಕಿದ ಮನೆತನ. "ಅತ್ತೀ, ಹಸಿ ನೆಲದಾಗ ನಿಂತರ ಕುರಿ ಗೊರಸು ಕೊಳೀತಾವಲ್ಲರೀ? ಇದರ ಬೇರೂ ಹಂಗೇ ಕೊಳ್ಯಾಕತ್ತ್ಯಾವ" ಎಂದೆ.

ಅವರ ಮುಖ ಇಳಿಯಿತು. ತಂಬಿಗೆಯನ್ನು ಸೀರೆಯ ಮರೆಗೆ ಸರಿಸಿಕೊಂಡರು. "ನಾನೇ ಕೊಳಿಸಿದೆನೇನು, ನಿಮ್ಮವ್ವನ ಗಿಡಾ?"

"ಇಲ್ಲರೀ. ನಿಮ್ಮಷ್ಟು ಯಾರೂ ಆಕಿಗಿ ನೀರ ಕೇಳಿಲ್ಲ" ಎಂದೆ. ಅದು ನಿಜವಾಗಿತ್ತು.

ಇಬ್ಬರೂ ಕೂತು ಕೊಳೆತ ಕಾಂಡ ಕತ್ತರಿಸಿದೆವು, ಮೇಲಿನ ಮಣ್ಣು ಕೆರೆದು ತೆಗೆದು ಒಣ ಮರಳು ಹರಡಿದೆವು. ಬರುಬರುತ್ತಾ ಚಿಲಟ ಕಡಿಮೆಯಾದವು. ನಮ್ಮವರು ಬಸಿ ಮುಚ್ಚುವುದನ್ನು ಬಿಟ್ಟರು. ಕತ್ತರಿಸಿದ ಕಡೆಯೇ ಪುಟ್ಟ ಕೆಂಪು ಚಿಗುರು ಕಂಡಿತು. ಆದರೆ ಅತ್ತೆ ಮಾತ್ರ ಬೆಳಿಗ್ಗೆ ಬರಿಗೈಯಲ್ಲಿ ಬಾಲ್ಕನಿಗೆ ಬಂದು, ಸುಮ್ಮನೆ ನಿಂತು, ಒಳಗೆ ಹೋಗುತ್ತಿದ್ದರು. ಅದನ್ನು ನೋಡಲಾಗುತ್ತಿರಲಿಲ್ಲ.

ಒಂದು ದಿನ ನೋಡಿದರೆ ಕುಂಡಗಳ ಮುಂದೆ ತುಂಬಿದ ತಂಬಿಗೆ, ಅದರ ಮೇಲೆ ಬೋರಲು ಹಾಕಿದ ಲೋಟ.

"ಹಾಕಿಲ್ಲ ಯವ್ವಾ, ಮುಂದ ಇಟ್ಟೀನಿ ಅಷ್ಟೇ. ನೀರಡಿಸಿದಾಗ ಕುಡೀತಾಳ" ಎಂದು ಅತ್ತೆ ಒಳಗಿನಿಂದಲೇ ಕೂಗಿದರು.

ಈಗ ದಿನಾ ಹಾಗೆಯೇ. ನಾನು ಮಣ್ಣಿಗೆ ಬೆರಳಿಟ್ಟು ನೋಡುತ್ತೇನೆ. ಒಣಗಿದ್ದರೆ ಆ ನೀರು ಗಿಡಕ್ಕೆ. ಹಸಿಯಿದ್ದರೆ, ಅತ್ತೆ ನೋಡುತ್ತಿರುವಾಗಲೇ ಅಲ್ಲಿ ಕೂತು ನಾನೇ ಕುಡಿಯುತ್ತೇನೆ.