ಗ್ರಹಣ ಬಿಡದ ಚಂದ್ರ

ಚಂದ್ರಗ್ರಹಣಕ್ಕೆ ರಾಹು ಕಾರಣವಲ್ಲವೆಂಬ ಸಂಗೀತ ನಾಟಕವೊಂದನ್ನು ಔರಾದದ ವಿಜ್ಞಾನ ಶಿಕ್ಷಕಿ ಜೆನಿಫರ ಎರಡು ತಿಂಗಳು ಮಕ್ಕಳಿಗೆ ಕಲಿಸಿ, ಬೀದರದ ಸ್ಪರ್ಧೆಗೆ ತಂದಿದ್ದರು. ಹದಿನೈದು ನಿಮಿಷದೊಳಗೆ ಮುಗಿಯದ ನಾಟಕಕ್ಕೆ ಬಹುಮಾನವಿರಲಿಲ್ಲ.

ಚಂದ್ರನ ಪಾತ್ರದ ಕರುಣಾ ಭೂಮಿಯ ನೆರಳಿನೊಳಗೆ ಸರಿದು, ಹೊರಬರುವ ಕೊನೆಯ ಹಾಡಿಗೆ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ತಂದೆ ಪಂಢರಿ ಶಾಲು ಹಿಡಿದು ವೇದಿಕೆ ಏರಿದರು. ಊರ ನಾಟಕಗಳಲ್ಲಿ ಮೆಚ್ಚಿದ ಪಾತ್ರಧಾರಿಗೆ ಆಟದ ನಡುವೆಯೇ ಉಡುಗೊರೆ ಕೊಟ್ಟು ಆಹೇರಿ ಮಾಡುವುದು ಅವರಿಗೆ ರೂಢಿ.

"ಪಪ್ಪಾ, ಕೆಳಗ ಇಳೀರಿ!" ಎಂದು ಕರುಣಾ ಪಿಸುಗುಟ್ಟಿದಳು.

"ಸುಮ್ನಿರವ್ವಾ," ಎಂದ ಪಂಢರಿ ಮೈಕ್ ಹಿಡಿದು, ಆಹೇರಿ ಕೊಡುವವರೆಂದು ಅಜ್ಜಿ, ಸೋದರಮಾವಂದಿರ ಹೆಸರನ್ನೆಲ್ಲ ಹೇಳಿ ಶಾಲು ಹೊದಿಸುವಷ್ಟರಲ್ಲಿ ಸಮಯ ಮುಗಿದ ಗಂಟೆ ಮೊಳಗಿತು.

"ನಂಬರ್ ಬರ್ತದಲ್ರಿ, ಮೇಡಂ?" ಕೆಳಗಿಳಿದ ಪಂಢರಿ ಬಹುಮಾನದ ಆಸೆಯಿಂದ ಕೇಳಿದರು.

"ಹ್ಯಾಂಗ ಬರ್ತದರಿ?" ಜೆನಿಫರ ಹಣೆ ಚಚ್ಚಿಕೊಂಡರು. "ರಾಹು ಇಲ್ಲಂತ ತೋರಸ್ಲಿಕ್ಕ ಬಂದಿದ್ವಿ. ನೀವೇ ಬಂದು ಚಂದ್ರನ್ನ ನುಂಗಿದ್ರಲ್ಲರಿ!"