ಆರತಿ ತಟ್ಟೆಯ ಒಂದು ಅಂಚು

ಕಳೆದ ಮಾರ್ಚ್‌ನ ಒಂದು ಶನಿವಾರ ಮಧ್ಯಾಹ್ನ, ವೆಸ್ಟ್ ವಿಂಡ್ಸರ್‌ನಲ್ಲಿ ನನ್ನ ಹೆಂಡತಿಯ ಚಿಕ್ಕಪ್ಪನ ಮಗಳ ಮನೆಯಲ್ಲಿ, ಅಡುಗೆಮನೆಗೂ ಲಿವಿಂಗ್ ರೂಮಿಗೂ ನಡುವಿನ ಬಾಗಿಲಲ್ಲಿ ನಾನು ನಿಂತಿದ್ದೆ. ಕೈಯಲ್ಲಿ ಕೋಸಂಬರಿಯ ಟ್ರೇ ಇತ್ತು. ನನ್ನ ಮುಂದೆ ಯಾರೂ ಅಡ್ಡ ಇರಲಿಲ್ಲ. ಇಷ್ಟು ಬಿಡಿಸಿ ಹೇಳುವುದು ಯಾಕೆಂದರೆ, ಅಂದು ಅಂಥದ್ದೇನೂ ನಡೆಯಲೇ ಇಲ್ಲ ಎಂಬ ಮಾತು ಈಗ ಹರಡಿದೆ.

ಆ ತಂಗಿಯ ಸೀಮಂತ. ಹಸಿರು ಬಳೆ ತೊಟ್ಟು ಕುರ್ಚಿಯ ಮೇಲೆ ಕೂತಿದ್ದಳು. ಮೊದಲ ಆರತಿ ಅಕ್ಕನೇ ಬೆಳಗಬೇಕು ಎಂದು ಅವಳೇ ಕೇಳಿಕೊಂಡಿದ್ದಳು. ನನ್ನ ಹೆಂಡತಿ ಬಂದದ್ದು ಅದಕ್ಕಾಗಿಯೇ. ಇಂಥ ಕಾರ್ಯಗಳಿಗೆ ಹೋಗುವುದನ್ನು ನಾವು ಬಿಟ್ಟು ಬಹಳ ಕಾಲವಾಗಿತ್ತು. ಆ ವಾರ ಅವಳಿಗೆ ಐವಿಎಫ್ ಇಂಜೆಕ್ಷನ್ ನಡೆಯುತ್ತಿತ್ತು. ಹೊಟ್ಟೆ ಊದಿ, ಸೀರೆಯ ನೆರಿಗೆ ನಿಲ್ಲುತ್ತಿರಲಿಲ್ಲ.

ತಟ್ಟೆಯ ಒಂದು ಅಂಚನ್ನು ಅವಳು, ಇನ್ನೊಂದನ್ನು ವುಡ್‌ಬ್ರಿಡ್ಜ್‌ನಿಂದ ಬಂದ ಅವಳ ಗೆಳತಿ ಹಿಡಿದಿದ್ದರು. ತಂಗಿಯ ಅತ್ತೆಯನ್ನು ನಾವೆಲ್ಲ ಆಂಟಿ ಎನ್ನುತ್ತೇವೆ. ಅವರು ನನ್ನ ಹೆಂಡತಿಯ ಹೊಟ್ಟೆ ನೋಡಿ ನಕ್ಕರು.

“ಏನಮ್ಮಾ, ನಿಂದೂ ವಿಶೇಷಾನಾ? ಹೇಳ್ಲೇ ಇಲ್ಲ.”

“ಇಲ್ಲ ಆಂಟಿ. ಟ್ರೀಟ್‌ಮೆಂಟ್ ನಡೀತಿದೆ. ಇಂಜೆಕ್ಷನ್‌ಗೆ ಊದಿರೋದು.”

ಆಂಟಿಯ ನಗು ನಿಂತಿತು. ತಟ್ಟೆಯ ಅಂಚಿನಿಂದ ಅವಳ ಬೆರಳುಗಳನ್ನು ಬಿಡಿಸಿದರು. ಒಂದೊಂದಾಗಿ ಬಿಡಿಸಿದರು.

“ಹಾಗಾದ್ರೆ ನೀನು ಕೂತ್ಕೋ ಪುಟ್ಟಾ. ಮಕ್ಕಳಾದೋರು ಬೆಳಗ್ಲಿ. ತಪ್ಪು ತಿಳ್ಕೋಬೇಡ.”

“ಆಂಟಿ, ತೊಂದರೆ ಇರೋದು ನಂಗೆ,” ಎಂದೆ. “ಅವಳಿಗಲ್ಲ. ಸೂಜಿ ಮಾತ್ರ ಅವಳಿಗೆ.”

“ಹೆಂಗಸರ ಕಾರ್ಯದಲ್ಲಿ ನಿಂಗೇನಪ್ಪಾ ಕೆಲಸ? ಹೋಗು, ಕೋಸಂಬರಿ ಬಡಿಸು.”

ಯಾರೋ ನಕ್ಕರು. ಅದೇ ಮನೆಯ ಗೃಹಪ್ರವೇಶದಲ್ಲಿ ಬೂದುಗುಂಬಳಕಾಯಿ ಒಡೆಸಿದ್ದು ನನ್ನ ಕೈಯಲ್ಲೇ. ಆ ಕೈಗೆ ಮಕ್ಕಳಾಗಿವೆಯೇ ಎಂದು ಆಗ ಯಾರೂ ಕೇಳಿರಲಿಲ್ಲ. ಈಗ ಬಾಯಿಬಿಟ್ಟು ಹೇಳಿದರೂ ಯಾರಿಗೂ ಬೇಕಿರಲಿಲ್ಲ.

ನನ್ನ ಹೆಂಡತಿ ತಂಗಿಯ ಕಡೆ ನೋಡಿದಳು. ತಂಗಿ ತಲೆ ಬಗ್ಗಿಸಿ ಬಳೆ ತಿರುಗಿಸುತ್ತಿದ್ದಳು. ಬೇರೆಯವರು ಬಂದು ಆ ಅಂಚು ಹಿಡಿದರು. ಹಾಡು ಶುರುವಾಯಿತು.

“ತಟ್ಟೆ ಭಾರ ಅಂತ ಇಸ್ಕೊಂಡೆ, ಅಷ್ಟೇ,” ಎಂದು ಆಂಟಿ ಈಗ ಎಲ್ಲರಿಗೂ ಹೇಳುತ್ತಿದ್ದಾರೆ. ಅದರಲ್ಲಿದ್ದದ್ದು ಸ್ವಲ್ಪ ಕುಂಕುಮದ ನೀರು, ಎರಡು ಬತ್ತಿ.

ನೋಡಿದವರಿದ್ದಾರೆ. ಇನ್ನೊಂದು ಅಂಚು ಹಿಡಿದಿದ್ದ ಗೆಳತಿ. ಅಂದಿನಿಂದ ನಮಗೆ ಫೋನ್ ಮಾಡಿಲ್ಲ. ಕುರ್ಚಿಯಲ್ಲಿ ಕೂತಿದ್ದ ತಂಗಿ. ಬೆರಳು ಬಿಡಿಸಿದ ಆಂಟಿ. ಎಲ್ಲರೂ ಬದುಕಿದ್ದಾರೆ, ಡ್ರೈವ್ ಮಾಡಿ ಹೋಗಿ ಕೇಳುವಷ್ಟು ಹತ್ತಿರದಲ್ಲೇ ಇದ್ದಾರೆ. ನನ್ನ ಹೆಂಡತಿಯೂ ಇದ್ದಾಳೆ. ಅವಳನ್ನು ಮಾತ್ರ ಯಾರೂ ಕೇಳಿಲ್ಲ.