ನೆರಳು ಗೂಟ ಮುಟ್ಟುವ ಹೊತ್ತು

ಎಮ್ಮಿಗನೂರಿನ ನೀರುಗಂಟಿ ತಾಯಪ್ಪನಿಗೆ ಇಪ್ಪತ್ತು ವರ್ಷದ ಚಾಕರಿಯಲ್ಲಿ ಬೈಗುಳ ಬಿಟ್ಟು ಬೇರೆ ಸನ್ಮಾನ ಆಗಿರಲಿಲ್ಲ. ಕಾಲುವೆ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಟ್ಟು ಕಟ್ಟುವುದು ಅವನ ಕೆಲಸ. ನೀರು ಸಿಕ್ಕವನು ಸಾಲದೆಂದು ಬೈಯುತ್ತಿದ್ದ. ಸಿಗದವನು ಮೊದಲೇ ಬೈದಿರುತ್ತಿದ್ದ.

ಮೂವತ್ತಾರನೆಯ ಇಸವಿಯಲ್ಲಿ ಕಂಪ್ಲಿ ಶಾಲೆಯ ಅಂಜಿನಯ್ಯ ಮೇಷ್ಟ್ರು, ಓದು ಮುಗಿಸುವ ಹುಡುಗರೆಲ್ಲ ತಲಾ ಒಬ್ಬರ ಹಿಂದೆ ಮೂರು ದಿನ ತಿರುಗಿ, ಅವರ ಕೆಲಸ ನೋಡಿ ಬರೆದು ತರಬೇಕೆಂದು ಅಪ್ಪಣೆ ಮಾಡಿದರು. ಉಳಿದವರು ಕರಣಿಕರನ್ನೋ ಅಂಚೆಯವನನ್ನೋ ಹಿಡಿದರು. ಎಮ್ಮಿಗನೂರು ಗೌಡ ವಿರೂಪಾಕ್ಷಪ್ಪನ ಮಗ ಜಡೆಪ್ಪ ತಾಯಪ್ಪನ ಬೆನ್ನು ಹತ್ತಿದ.

"ನನ್ನ ಕೆಲಸದಾಗ ನೋಡಾಕ ಏನೈತಪಾ? ಕೆಸರು ಐತಿ."

"ಅದನ್ನೂ ಬರಕೊಂತೀನಿ ತಾತ."

ತಾಯಪ್ಪ ಒಗೆದ ಪಂಚೆ ಉಟ್ಟು ಬಂದ. ಬೇವಿನ ನೆರಳು ಒಂದು ಗೂಟದಿಂದ ಇನ್ನೊಂದಕ್ಕೆ ಸರಿದರೆ ಒಂದು ಸರದಿ, ಆಗ ಹುಲ್ಲು, ಮಣ್ಣು ಒತ್ತಿ ಆ ಗದ್ದೆಗೆ ನೀರು ಹೋಗುವ ಬಾಯಿ ಕಟ್ಟಬೇಕು ಎಂದು ಎರಡು ದಿನ ಗಂಭೀರವಾಗಿ ವಿವರಿಸಿದ.

ಮೂರನೆಯ ದಿನ ಗೌಡರ ಸರದಿ. ಅಲ್ಲೊಂದು ಹಳೇ ಪದ್ಧತಿಯಿತ್ತು. ನೆರಳು ಗೂಟದ ಹತ್ತಿರ ಬಂದೊಡನೆ ತಾಯಪ್ಪನಿಗೆ ನಿದ್ದೆ ಬರುತ್ತಿತ್ತು. ಎಚ್ಚರಾಗುವಷ್ಟರಲ್ಲಿ ಗೌಡರ ಗದ್ದೆ ತುಂಬಿ, ಕೊನೆಯ ಗದ್ದೆಯ ಉಚ್ಚೆಂಗಮ್ಮನಿಗೆ ಬರೀ ತೇವ ಉಳಿಯುತ್ತಿತ್ತು. ಸಂಜೆ ಗೌಡರ ಮನೆಯಿಂದ ಬೆಲ್ಲದ ಅಚ್ಚು ಬರುತ್ತಿತ್ತು. ತಾಯಪ್ಪನ ಹಲ್ಲಿಲ್ಲದ ಹೆಂಡತಿ ವಿರುಪಮ್ಮ ಅದಕ್ಕಾಗಿಯೇ ಕಾದಿರುತ್ತಿದ್ದಳು.

ನೆರಳು ಬಂತು. ಆಕಳಿಕೆಯೂ ಬಂತು. ಜಡೆಪ್ಪ ಪೆನ್ಸಿಲ್ ಮೊನೆ ನೆಕ್ಕಿದ. "ಈಗ ಏನ್ಮಾಡ್ತಿ ತಾತ?"

ಬದುವಿನ ಮೇಲಿಂದ ಗೌಡ ಹೇಳಿದ: "ಬಿಸಿಲು ಭಾಳ ಐತಿ ತಾಯಪ್ಪ. ಹಂಗ ಸ್ವಲ್ಪ ಅಡ್ಡಾಗು."

ತಾಯಪ್ಪ ಬೆಲ್ಲವನ್ನು ನೆನೆದ, ವಿರುಪಮ್ಮನನ್ನು ನೆನೆದ. 'ಆಮೇಲೆ ನೀರುಗಂಟಿ ಮಲಗಿದನು' ಎಂದು ಮೇಷ್ಟ್ರು ತರಗತಿಗೆಲ್ಲ ಓದಿ ಹೇಳುವುದನ್ನೂ ನೆನೆದ. ಗುದ್ದಲಿ ಎತ್ತಿದ.

"ನೆರಳು ಮುಟ್ಟೈತ್ರಿ ಗೌಡ್ರ. ಕಟ್ಟಬೇಕ್ರಿ."

"ಇಷ್ಟು ವರ್ಷ ಮುಟ್ಟಿದ್ದಿಲ್ಲೇನು?"

"ಮುಟ್ಟತಿತ್ರಿ. ನಾ ನೋಡಿದ್ದಿಲ್ಲ."

ಜಡೆಪ್ಪ ಪುಸ್ತಕ ಬದುವಿನ ಮೇಲಿಟ್ಟು ಕೆಸರಿಗಿಳಿದ. ಅಪ್ಪನ ಗದ್ದೆಯ ಬಾಯಿಗೆ ತಾನೂ ಮಣ್ಣು ಒತ್ತಿದ.

"ಇದನ್ನ ಕಲಿಯಾಕ ನಿನ್ನ ಸಾಲಿಗೆ ಹಾಕಿದ್ನೇನಲೇ?" ಎಂದ ಗೌಡ, ಉತ್ತರಕ್ಕೆ ಕಾಯದೆ ಮನೆಗೆ ನಡೆದ.

ಸಂಜೆ ಬೆಲ್ಲ ಬರಲಿಲ್ಲ. "ಆ ಹುಡುಗಗ ಊರಾಗ ಬ್ಯಾರೆ ಯಾರೂ ಸಿಗಲಿಲ್ಲೇನು?" ಎಂದು ವಿರುಪಮ್ಮ ಗೊಣಗುತ್ತಿದ್ದಳು. ಅಷ್ಟರಲ್ಲಿ ಉಚ್ಚೆಂಗಮ್ಮ ಬಂದು, "ಇಷ್ಟು ವರ್ಷ ಎಲ್ಲಿ ಸತ್ತಿದ್ದೆಪ್ಪಾ ನೀನು?" ಎಂದು ತಾಯಪ್ಪನನ್ನು ಬೈದು, ಮಡಿಲಿನಿಂದ ಬಾಳೆಹಣ್ಣಿನ ಚಿಪ್ಪೊಂದನ್ನು ಕೆಳಗಿಟ್ಟು ಹೋದಳು.

ವಿರುಪಮ್ಮ ಒಂದು ತಿಂದಳು. "ಬೆಲ್ಲದಷ್ಟು ಸಿಹಿ ಇಲ್ಲ ಬಿಡು," ಎಂದು ಎರಡನೆಯದರ ಸಿಪ್ಪೆ ಸುಲಿದಳು.